ಬೆಟ್ಟಕ್ಕೆ ಹೊರಟಿರಾ? ಗಂಟಿನಲ್ಲಿ ಏನಿರಲಿ?



ನಮ್ಮ ಸೀಮೆಯಲ್ಲಿ ಮಳೆಗೆ ಬರ ಇರಬಹುದು. ಬೆಟ್ಟಕ್ಕೆ ಬರ ಇಲ್ಲ. ಮಧುಗಿರಿಯಲ್ಲಿ ಊರಿನ ಪಕ್ಕದಲ್ಲೇ ಏಕಶಿಲೆಯ ಬೆಟ್ಟ ನಿಂತಿದೆ. ಒಂದೇ ಕಲ್ಲು. ಅದರ ಮೇಲೆ ಕೋಟೆ. ಕೊರಟಗೆರೆ ಕಡೆ ಸಿದ್ಧರ ಬೆಟ್ಟ ಇದೆ, ಚನ್ನರಾಯನದುರ್ಗ ಇದೆ. ಪಾವಗಡದಲ್ಲಿ ಕೋಟೆ ಬೆಟ್ಟ ಇದೆ. ಅದರಾಚೆ ನಿಡಗಲ್ಲು ದುರ್ಗ. ಶಿರಾ ಸೀಮೆ ಹೆಚ್ಚು ಬಯಲು. ಅಲ್ಲಿ ಬೆಟ್ಟ ಹತ್ತುವುದಕ್ಕಿಂತ ರಸ್ತೆ ಹಿಡಿದು ನಡೆಯುವುದು ಜಾಸ್ತಿ.

ಹರಕೆ ಅಂತ ಹೋಗುತ್ತೇವೆ. ಜಾತ್ರೆ ಅಂತ ಹೋಗುತ್ತೇವೆ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲ. ಹಾಗಾಗಿ ಸಂಘದವರು ಸೇರಿಕೊಂಡು, ಬರೀ ನೋಡಿ ಬರೋಣ ಅಂತಲೂ ಹೊರಡುತ್ತಾರೆ. ಒಳ್ಳೆಯದೇ. ಮನೆ, ಹೊಲ, ಕೊಟ್ಟಿಗೆ ಬಿಟ್ಟು ಒಂದು ದಿನ ಎತ್ತರಕ್ಕೆ ಹೋಗಿ ನಿಂತರೆ ಮನಸ್ಸು ಹಗುರವಾಗುತ್ತದೆ.

ಆದರೆ ಹೊರಡುವಾಗ ಒಂದು ಮಾತು ಬಂದೇ ಬರುತ್ತದೆ.

"ಏನೇನ್ ತಗೊಂಡ್ ಹೋಗ್ಬೇಕು ಕಣಕ್ಕ?"

ಒಬ್ಬರು ಮನೆಯನ್ನೇ ಹೊತ್ತು ತರುತ್ತಾರೆ. ಇನ್ನೊಬ್ಬರು ಬರಿಗೈಲಿ ಬರುತ್ತಾರೆ. ಇಬ್ಬರಿಗೂ ಕಷ್ಟ. ಹೆಚ್ಚು ಹೊತ್ತರೆ ಅರ್ಧ ದಾರಿಯಲ್ಲಿ ಸುಸ್ತು. ನೀರಿಲ್ಲದೆ ಹೋದರೆ ಜೀವಕ್ಕೇ ಕುತ್ತು. ಈ ಪಾಠದಲ್ಲಿ ನಮಗೆ ಬೇಕಾದ್ದನ್ನು ಆರಿಸಿಕೊಳ್ಳುವುದು ಹೇಗೆ ಅಂತ ನೋಡೋಣ.

ಮೊದಲು ನಾಲ್ಕು ಪ್ರಶ್ನೆ

ಅಂಗಡಿಗೆ ಹೋಗುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಒಂದು: ಎಲ್ಲಿಗೆ ಹೋಗುತ್ತಿದ್ದೇವೆ? ಮಧುಗಿರಿ ಬೆಟ್ಟ ಬೋಳು ಬಂಡೆ. ನೆರಳು ಕಡಿಮೆ. ಮೇಲೆ ಹೋದ ಹಾಗೆ ಏರು ಕಡಿದು. ಬಂಡೆಯಲ್ಲಿ ಕೊರೆದ ಮೆಟ್ಟಿಲ ಮೇಲೆ ಕಾಲಿಟ್ಟು, ಕಂಬಿ ಹಿಡಿದು ಹತ್ತಬೇಕು. ಅಲ್ಲಿ ಎರಡು ಕೈಯೂ ಖಾಲಿ ಇರಬೇಕು. ಸಿದ್ಧರ ಬೆಟ್ಟದಲ್ಲಿ ಗಿಡಮರ ಇದೆ, ನೆರಳಿದೆ. ಆದರೆ ಕೋತಿ ಕಾಟ ಇದೆ. ರಸ್ತೆ ನಡಿಗೆಗೆ ಲಾರಿ, ಬಸ್ಸಿನ ಭಯ.

ಎರಡು: ಎಷ್ಟು ಹೊತ್ತು? ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುವುದಾ? ಅಥವಾ ರಾತ್ರಿ ಜಾತ್ರೆಯಲ್ಲಿ ತಂಗುವುದಾ?

ಮೂರು: ಯಾವ ಕಾಲ? ಬೇಸಿಗೆಯ ಬಿಸಿಲಾ, ಮಳೆಯಾ, ಮಾಗಿಯ ಚಳಿಯಾ?

ನಾಲ್ಕು: ಜೊತೆಗೆ ಯಾರು? ಕಂಕುಳಲ್ಲಿ ಮಗು ಇದೆಯಾ? ವಯಸ್ಸಾದವರು ಇದ್ದಾರಾ? ಯಾರಾದರೂ ಬಸುರಿಯಾ? ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಇದ್ದಾರಾ?

ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಅಂಗಡಿಯವನು "ಇದು ಚೆನ್ನಾಗೈತೆ, ತಗೊಳ್ಳಿ" ಅಂದರೆ, "ನಮಗೆ ಅದು ಯಾತಕ್ಕೆ ಬೇಕು?" ಅಂತ ತಿರುಗಿ ಕೇಳಲು ಬರುತ್ತದೆ.

ಕುರಿ ಕಾಯುವವರ ಗಂಟು ನೋಡಿ

ಬಯಲಲ್ಲಿ ಮಲಗುವುದು ಹೇಗೆ, ದೂರ ನಡೆಯುವುದು ಹೇಗೆ? ಇದನ್ನು ಪೇಟೆಯವರಿಂದ ಕಲಿಯಬೇಕಾಗಿಲ್ಲ. ಶಿರಾ, ಪಾವಗಡ, ಮಧುಗಿರಿ ಕಡೆ ಕುರಿ ಮಂದೆ ಹೊಡೆದುಕೊಂಡು ಊರೂರು ತಿರುಗುವವರನ್ನು ನೀವು ನೋಡಿದ್ದೀರಿ. ಹೊಲದಲ್ಲಿ ಕುರಿ ತರುಬುತ್ತಾರೆ. ರಾತ್ರಿ ಅಲ್ಲೇ ಮಲಗುತ್ತಾರೆ. ಅವರ ಹತ್ತಿರ ಏನಿರುತ್ತದೆ? ಒಂದು ಕಂಬಳಿ. ಒಂದು ಕೋಲು. ನೀರಿನ ಕ್ಯಾನು. ಒಂದು ಪಾತ್ರೆ. ರಾಗಿ ಹಿಟ್ಟು, ಉಪ್ಪು, ಮೆಣಸಿನಕಾಯಿ. ಒಂದು ಬ್ಯಾಟರಿ.

ಒಂದೊಂದು ವಸ್ತುವಿಗೂ ಎರಡು ಮೂರು ಕೆಲಸ. ಕಂಬಳಿ ಹೊದ್ದರೆ ಚಳಿಗೆ ಆಯಿತು. ಕೊಪ್ಪೆ ಮಾಡಿ ತಲೆಗೆ ಹಾಕಿದರೆ ಮಳೆಗೆ ಆಯಿತು. ಹಾಸಿದರೆ ಹಾಸಿಗೆ. ಕೋಲು ದಾರಿಗೂ ಆಯಿತು, ಹಾವಿಗೂ ಆಯಿತು. ನಾವು ಕಲಿಯಬೇಕಾದ ಪಾಠ ಇದೇ. ಒಂದೇ ಕೆಲಸಕ್ಕೆ ಬರುವ ವಸ್ತುವಿಗಿಂತ ನಾಲ್ಕು ಕೆಲಸಕ್ಕೆ ಬರುವ ವಸ್ತು ಮೇಲು.

ತೂಕದ ಲೆಕ್ಕ

ಎಷ್ಟು ಹೊರಬಹುದು? ಇದಕ್ಕೆ ಒಂದು ಅಂದಾಜು ಇದೆ. ಒಂದು ದಿನದ ನಡಿಗೆಗೆ ನಿಮ್ಮ ತೂಕದ ಹತ್ತನೇ ಒಂದು ಪಾಲು. ರಾತ್ರಿ ತಂಗುವುದಾದರೆ ಐದನೇ ಒಂದು ಪಾಲಿಗಿಂತ ಹೆಚ್ಚು ಬೇಡ.

ನಿಮ್ಮ ತೂಕ 50 ಕಿಲೋ ಅಂತಿಟ್ಟುಕೊಳ್ಳಿ. ಒಂದು ದಿನಕ್ಕೆ 5 ಕಿಲೋ. ರಾತ್ರಿ ತಂಗಲು ಹೆಚ್ಚೆಂದರೆ 10 ಕಿಲೋ. ಬಸುರಿಯರು, ಬಾಣಂತಿಯರು, ವಯಸ್ಸಾದವರು, ರಕ್ತ ಕಡಿಮೆ ಇರುವವರು ಇದಕ್ಕಿಂತ ಕಡಿಮೆ ಹೊರಬೇಕು.

"ಅಯ್ಯೋ, ನಾನು ತಲೆ ಮೇಲೆ ಎರಡು ಕೊಡ ನೀರು ಹೊರ್ತೀನಿ. 5 ಕಿಲೋ ಯಾವ ಲೆಕ್ಕ?" ಅನ್ನಬಹುದು. ಹೌದು, ಹೊರುತ್ತೀರಿ. ಆದರೆ ಅದು ಬೋರಿನಿಂದ ಮನೆಗೆ. ಇಲ್ಲಿ ಮೂರು ಗಂಟೆ ಏರು, ಎರಡು ಗಂಟೆ ಇಳಿಜಾರು. ಇಳಿಯುವಾಗ ಹೊರೆಯೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಈಗ 5 ಕಿಲೋದಲ್ಲಿ ಏನೇನು ಹಿಡಿಯುತ್ತದೆ ನೋಡೋಣ.

ನೀರು 3 ಲೀಟರು: 3 ಕಿಲೋ
ಬುತ್ತಿ: 750 ಗ್ರಾಂ
ಶಾಲು ಅಥವಾ ತೆಳು ಹೊದಿಕೆ: 500 ಗ್ರಾಂ
ಬ್ಯಾಟರಿ, ಸೆಲ್ಲು: 250 ಗ್ರಾಂ
ಔಷಧಿ, ಚಾಕು, ಹಗ್ಗ: 250 ಗ್ರಾಂ
ಚೀಲ: 250 ಗ್ರಾಂ

ಕೂಡಿ ನೋಡಿ. ಸರಿಯಾಗಿ 5 ಕಿಲೋ. ಅರ್ಧಕ್ಕಿಂತ ಹೆಚ್ಚು ನೀರೇ ಆಯಿತು. ಹೊರೆ ಜಾಸ್ತಿ ಅಂತ ಅನ್ನಿಸಿದರೆ ಬೇರೆ ಏನನ್ನಾದರೂ ಬಿಡಿ. ನೀರು ಮಾತ್ರ ಬಿಡಬೇಡಿ.

ನೀರು ಎಲ್ಲಕ್ಕಿಂತ ಮೊದಲು

ಬೇಸಿಗೆಯಲ್ಲಿ ಬಂಡೆ ಕಾದು ಹೆಂಚಾಗುತ್ತದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾವು. ಮೈಯ ನೀರೆಲ್ಲ ಬೆವರಾಗಿ ಹೋಗುತ್ತದೆ. ಹಾಗಾಗಿ ಒಬ್ಬರಿಗೆ 3 ಲೀಟರು ಬೇಕು. ಚಳಿಗಾಲದಲ್ಲಿ 2 ಲೀಟರು ಸಾಕಾಗಬಹುದು. ಬೆಳಿಗ್ಗೆ 6 ಗಂಟೆಗೆಲ್ಲ ಬೆಟ್ಟದ ಬುಡದಲ್ಲಿರಿ. ಬಿಸಿಲೇರುವ ಮೊದಲು ಇಳಿದುಬಿಡಿ.

ಇಲ್ಲಿ ಹೆಂಗಸರು ಮಾತ್ರ ಅರಿತಿರುವ ಒಂದು ಸಂಗತಿ ಇದೆ. ಹೇಳಿಬಿಡೋಣ. "ಬೆಟ್ಟದ ಮೇಲೆ ಕಕ್ಕಸು ಇಲ್ಲ. ಒಂದಕ್ಕೆ ಹೋಗೋದೆಲ್ಲಿ?" ಅಂತ ನಾವು ನೀರೇ ಕುಡಿಯುವುದಿಲ್ಲ. ಬಾಯಿ ಒಣಗಿದರೂ ತಡೆದುಕೊಳ್ಳುತ್ತೇವೆ. ಇದು ತಪ್ಪು. ನೀರು ಕುಡಿಯದಿದ್ದರೆ ಉರಿಮೂತ್ರ ಬರುತ್ತದೆ. ತಲೆ ಸುತ್ತುತ್ತದೆ. ಬಿಸಿಲು ಬಡಿಯುತ್ತದೆ. ನೀರು ಬಿಡುವ ಬದಲು ಒಂದು ಹಳೆ ಸೀರೆ ಇಟ್ಟುಕೊಳ್ಳಿ. ಇಬ್ಬರು ಸೀರೆ ಹಿಡಿದು ಮರೆ ಮಾಡಿದರೆ ಆಯಿತು. ನಾಲ್ಕು ಜನ ಹೆಂಗಸರು ಸೇರಿದರೆ ನಾಚಿಕೆ ಏನಿದೆ? ಮುಟ್ಟಿನ ದಿನ ಹತ್ತಿರ ಇದ್ದರೆ ಬಟ್ಟೆಯನ್ನೋ ಪ್ಯಾಡನ್ನೋ ಜೊತೆಗಿಡಿ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ವಾಪಸು ತನ್ನಿ.

ಬೆಟ್ಟದ ಮೇಲೆ ಬಂಡೆಯ ದೊಣೆಗಳಲ್ಲಿ ನೀರು ನಿಂತಿರುತ್ತದೆ. ನೋಡಲು ತಿಳಿಯಾಗಿಯೂ ಇರಬಹುದು. ಕುಡಿಯಬೇಡಿ. ಅದರಲ್ಲಿ ರೋಗದ ಕ್ರಿಮಿ ಇರುತ್ತದೆ. ವಾಂತಿ ಭೇದಿ ಹಿಡಿಯುತ್ತದೆ.

ಪಾವಗಡ ಕಡೆಯವರು ಇನ್ನೊಂದು ಕೇಳುತ್ತಾರೆ. "ನಮ್ ಬೋರ್ ನೀರಲ್ಲಿ ಫ್ಲೋರೈಡ್ ಐತಂತೆ. ಕಾಯಿಸಿದ್ರೆ ಹೋಗುತ್ತಾ?" ಹೋಗುವುದಿಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹಾಗೇ ಉಳಿಯುತ್ತದೆ. ಫ್ಲೋರೈಡ್ ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡಿಸುತ್ತದೆ. ಕ್ರಿಮಿ ಒಂದೇ ದಿನದಲ್ಲಿ ಮಲಗಿಸುತ್ತದೆ. ಶುದ್ಧ ನೀರಿನ ಘಟಕ ಹತ್ತಿರ ಇದ್ದರೆ ಅಲ್ಲೇ ಬಾಟಲಿ ತುಂಬಿಸಿಕೊಂಡು ಹೊರಡಿ. ಇಲ್ಲದಿದ್ದರೆ ಹಿಂದಿನ ರಾತ್ರಿಯೇ ಕಾಯಿಸಿ, ಆರಿಸಿ, ಶೋಧಿಸಿ ತುಂಬಿ.

ಒಂದೇ ದೊಡ್ಡ ಕ್ಯಾನು ಬೇಡ. ಒಂದು ಲೀಟರಿನ ಮೂರು ಬಾಟಲಿ ಒಳ್ಳೆಯದು. ಒಂದು ಸೋರಿದರೂ ಎರಡು ಉಳಿಯುತ್ತದೆ. ಎಷ್ಟು ಖರ್ಚಾಯಿತು ಅಂತಲೂ ಗೊತ್ತಾಗುತ್ತದೆ. ಮೊದಲ ಬಾಟಲಿ ಮುಗಿದಾಗ ಅರ್ಧ ದಾರಿಯೂ ಹತ್ತಿಲ್ಲ ಅಂದರೆ ತಿರುಗಿ ಬನ್ನಿ. ಬೆಟ್ಟ ಎಲ್ಲೂ ಓಡಿ ಹೋಗುವುದಿಲ್ಲ.

ಬುತ್ತಿಗೆ ಏನು?

ಬುತ್ತಿ ಹಗುರವಾಗಿರಬೇಕು. ಹಳಸಬಾರದು. ಒಲೆ ಕೇಳಬಾರದು.

ರಾಗಿ ಹುರಿಹಿಟ್ಟು ಬೆಲ್ಲದ ಜೊತೆ ಕಲಸಿದರೆ ಊಟವೇ ಆಯಿತು. ಪಾವಗಡ, ಮಧುಗಿರಿ, ಶಿರಾ ಎಲ್ಲ ಕಡೆ ಕಡಲೆಕಾಯಿ ಬೆಳೆಯುತ್ತೇವೆ. ಹುರಿದ ಬೀಜ, ಬೆಲ್ಲ ಇಟ್ಟುಕೊಳ್ಳಿ. ಒಂದು ಹಿಡಿ ತಿಂದರೆ ಒಂದು ಗಂಟೆ ನಡೆಯಬಹುದು. ರಾಗಿ ರೊಟ್ಟಿ, ಚಟ್ನಿಪುಡಿ, ಹುಣಸೆಹಣ್ಣಿನ ಅನ್ನ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಮೊಸರನ್ನ ಬಿಸಿಲಿಗೆ ಬೇಗ ಹುಳಿಯಾಗುತ್ತದೆ. ತಂದರೆ ಅದನ್ನೇ ಮೊದಲು ತಿನ್ನಿ.

ಸಿದ್ಧರ ಬೆಟ್ಟದಂಥ ಕಡೆ ಪ್ಲಾಸ್ಟಿಕ್ ಕವರು ಕೈಯಲ್ಲಿ ಹಿಡಿದರೆ ಕೋತಿ ಕಿತ್ತುಕೊಳ್ಳುತ್ತದೆ. ಬುತ್ತಿ ಚೀಲದೊಳಗೆ ಇರಲಿ. ಚೀಲದ ಬಾಯಿ ಕಟ್ಟಿರಲಿ.

ಕಾಲಿಗೆ ಏನು?

ಹವಾಯಿ ಚಪ್ಪಲಿ ಬೇಡ. ಸವೆದ ಹವಾಯಿ ಚಪ್ಪಲಿ ಅಂತೂ ಬೇಡವೇ ಬೇಡ. ಬಂಡೆಯ ಮೇಲೆ ಅದು ಜಾರುತ್ತದೆ. ಉಂಗುಷ್ಠ ಕಿತ್ತರೆ ಬರಿಗಾಲು ಗತಿ.

ಹಿಮ್ಮಡಿಗೆ ಪಟ್ಟಿ ಇರುವ, ಅಡಿಭಾಗದಲ್ಲಿ ಗೀರು ಗೀರು ಇರುವ ರಬ್ಬರಿನ ಚಪ್ಪಲಿ ಒಳ್ಳೆಯದು. ಕ್ಯಾನ್ವಾಸ್ ಷೂ ಇನ್ನೂ ಒಳ್ಳೆಯದು. ದುಬಾರಿ ಷೂ ಬೇಕೇ ಬೇಕು ಅಂತೇನಿಲ್ಲ. ಕೊಳ್ಳುವಾಗ ಮೂರು ವಿಷಯ ನೋಡಿ.

ಸಂಜೆ ಹೊತ್ತು ಕೊಳ್ಳಿ. ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಬೆಟ್ಟದಲ್ಲೂ ಹಾಗೇ ಊದುತ್ತದೆ. ಆಗ ಸರಿಹೋದರೆ ಬೆಟ್ಟದಲ್ಲೂ ಸರಿಹೋಗುತ್ತದೆ.

ಬೆರಳ ಮುಂದೆ ಅರ್ಧ ಹೆಬ್ಬೆರಳಷ್ಟು ಜಾಗ ಇರಲಿ. ಇಲ್ಲದಿದ್ದರೆ ಇಳಿಯುವಾಗ ಉಗುರು ಒತ್ತಿ ಕಪ್ಪಾಗುತ್ತದೆ.

ಹೊಸದನ್ನು ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗಬೇಡಿ. ಒಂದು ವಾರ ಮನೆಯ ಸುತ್ತ, ಹೊಲದ ದಾರಿಯಲ್ಲಿ ಹಾಕಿಕೊಂಡು ಓಡಾಡಿ. ಕಚ್ಚುವುದೆಲ್ಲ ಆಗ ಗೊತ್ತಾಗುತ್ತದೆ.

ಮಳೆ ಬಿದ್ದ ದಿನ ಯಾವ ಚಪ್ಪಲಿಯೂ ಬಂಡೆಯಲ್ಲಿ ನಿಲ್ಲುವುದಿಲ್ಲ. ಪಾಚಿ ಕಟ್ಟಿದ ಕಡೆ ಎಣ್ಣೆ ಸವರಿದಂತೆ ಇರುತ್ತದೆ. ಆ ದಿನ ಮಧುಗಿರಿಯಂಥ ಬೆಟ್ಟ ಹತ್ತಬೇಡಿ.

ಬಟ್ಟೆ ಹೇಗಿರಲಿ?

ಬೇಸಿಗೆಗೆ ತೆಳು ಬಣ್ಣದ ಹತ್ತಿ ಬಟ್ಟೆ. ಸೀರೆ ಉಟ್ಟವರು ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿ, ಕಚ್ಚೆ ಹಾಕಿದರೆ ಕಾಲಿಗೆ ಸಿಕ್ಕುವುದಿಲ್ಲ. ಚೂಡಿದಾರ ಹಾಕುವವರಿಗೆ ಇನ್ನೂ ಸಲೀಸು. ಯಾರು ಏನಂದಾರು ಅಂತ ನೋಡಬೇಡಿ. ಕಂಬಿ ಹಿಡಿದು ಏರುವಾಗ ಸೆರಗು ಕಾಲಿಗೆ ಸಿಕ್ಕರೆ ಅಂದವರು ಬಂದು ಹಿಡಿಯುವುದಿಲ್ಲ. ತಲೆಗೆ ಒಂದು ಟವಲ್ಲು ಬೇಕು. ಬಿಸಿಲಿಗೆ ಒದ್ದೆ ಮಾಡಿ ಹಾಕಿಕೊಳ್ಳಬಹುದು. ಗಾಯಕ್ಕೆ ಕಟ್ಟಬಹುದು.

ಮಳೆಗೆ ಏನು? ಬಯಲ ದಾರಿಗೆ ಛತ್ರಿ ಸರಿ. ಬೆಟ್ಟದಲ್ಲಿ ಗಾಳಿ ಛತ್ರಿಯನ್ನು ಮಗುಚಿ ಹಾಕುತ್ತದೆ. ಒಂದು ಕೈಯೂ ಕಟ್ಟಿಹೋಗುತ್ತದೆ. ಅಲ್ಲಿಗೆ ಮಳೆ ಕೋಟು ಅಥವಾ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಒಳ್ಳೆಯದು. ಗುಡುಗು ಕೇಳಿದ ತಕ್ಷಣ ಇಳಿಯಲು ಶುರು ಮಾಡಿ. ಬೋಳು ಬಂಡೆಯ ನೆತ್ತಿಯಲ್ಲಿ ನಿಲ್ಲಬೇಡಿ. ಒಂಟಿ ಮರದ ಕೆಳಗೂ ನಿಲ್ಲಬೇಡಿ. ಸಿಡಿಲು ಎತ್ತರದ್ದನ್ನೇ ಹುಡುಕುತ್ತದೆ.

ಚೀಲ ಯಾವುದು?

ಒಂದೇ ಹೆಗಲಿಗೆ ನೇತು ಹಾಕುವ ಚೀಲ ಪೇಟೆಗೆ ಸರಿ. ಬೆಟ್ಟಕ್ಕೆ ಎರಡು ಹೆಗಲಿಗೂ ಹಾಕುವ ಬೆನ್ನಿನ ಚೀಲ ಬೇಕು. ಭಾರ ಎರಡು ಕಡೆ ಹಂಚಿಹೋಗುತ್ತದೆ. ಕೈ ಖಾಲಿ ಇರುತ್ತದೆ. ಇದಕ್ಕೆ ಹೊಸದೇ ಬೇಡ. ಮಕ್ಕಳ ಹಳೆ ಸ್ಕೂಲ್ ಬ್ಯಾಗು ಮನೆಯಲ್ಲಿ ಬಿದ್ದಿರುತ್ತದೆ. ಪಟ್ಟಿ ಗಟ್ಟಿ ಇದೆಯಾ ಅಂತ ಎಳೆದು ನೋಡಿ. ಬಿಟ್ಟಿದ್ದರೆ ದಪ್ಪ ದಾರದಲ್ಲಿ ಹೊಲಿಯಿರಿ.

ಭಾರವಾದ ನೀರಿನ ಬಾಟಲಿ ಬೆನ್ನಿಗೆ ಅಂಟಿದ ಹಾಗೆ ಒಳಗಿಡಿ. ಹಗುರವಾದದ್ದು ಹೊರಗೆ. ಬೇಗ ಬೇಕಾದ್ದು ಮೇಲೆ. ಹೊದಿಕೆ, ಔಷಧಿ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ.

ರಾತ್ರಿ ತಂಗುವುದಾದರೆ

ಜಾತ್ರೆಯ ಬಯಲಲ್ಲಿ, ದೇವಸ್ಥಾನದ ಅಂಗಳದಲ್ಲಿ ಮಲಗುವ ಸಂದರ್ಭ ಬರುತ್ತದೆ. ಮೈಯ ಕೆಳಗೆ ಏನು ಹಾಸುತ್ತೇವೆ ಅನ್ನುವುದು ಮೈ ಮೇಲೆ ಏನು ಹೊದೆಯುತ್ತೇವೆ ಅನ್ನುವಷ್ಟೇ ಮುಖ್ಯ. ನೆಲ, ಬಂಡೆ ರಾತ್ರಿ ತಣ್ಣಗಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಎರಡು ಹೊದಿಕೆ ಹೊದ್ದರೂ ನಡುಕ ಹೋಗುವುದಿಲ್ಲ. ಮೊದಲು ಪ್ಲಾಸ್ಟಿಕ್ ಹಾಳೆ ಅಥವಾ ಗೋಣಿಚೀಲ ಹಾಸಿ. ಅದು ತೇವ ತಡೆಯುತ್ತದೆ. ಅದರ ಮೇಲೆ ಚಾಪೆ ಅಥವಾ ಜಮಖಾನ. ಆಮೇಲೆ ನೀವು.

ಹೊದೆಯಲು ಕಂಬಳಿಯಷ್ಟು ಒಳ್ಳೆಯದು ಇಲ್ಲ. ಕುರಿಯ ಉಣ್ಣೆ ಸ್ವಲ್ಪ ನೆನೆದರೂ ಬೆಚ್ಚಗಿಡುತ್ತದೆ. ಹತ್ತಿಯ ದುಪ್ಪಟಿ ನೆನೆದರೆ ಚಳಿ ಹೆಚ್ಚಾಗುತ್ತದೆ. ಆದರೆ ಕಂಬಳಿ ಭಾರ, ನೆನೆದರೆ ಒಣಗುವುದು ತಡ. ಬಿಸಿಲು ಕಾಲದಲ್ಲಿ ದುಪ್ಪಟಿಯೇ ಸಾಕು. ಮಾಗಿಯಲ್ಲಿ ಕಂಬಳಿ ಹೊತ್ತರೆ ನಷ್ಟವಿಲ್ಲ.

ಪೇಟೆಯಲ್ಲಿ ಉಣ್ಣೆ ಅಂತ ಹೇಳಿ ಪ್ಲಾಸ್ಟಿಕ್ ನೂಲಿನ ಹೊದಿಕೆ ಮಾರುವುದುಂಟು. ಪರೀಕ್ಷೆ ಸುಲಭ. ಅಂಚಿನ ಒಂದು ಎಳೆ ಕಿತ್ತು ಬೆಂಕಿಕಡ್ಡಿ ತೋರಿಸಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯಾಗುತ್ತದೆ. ಪ್ಲಾಸ್ಟಿಕ್ ನೂಲು ಕರಗಿ ಗಟ್ಟಿ ಮಣಿಯ ಹಾಗೆ ಆಗುತ್ತದೆ.

ಚೀಲದ ಹಾಗೆ ಹೊಲಿದ ಹಾಸಿಗೆಯೂ ಸಿಗುತ್ತದೆ. ಸ್ಲೀಪಿಂಗ್ ಬ್ಯಾಗು ಅನ್ನುತ್ತಾರೆ. ಹಗುರ, ಬೆಚ್ಚಗೆ. ಆದರೆ ಬೆಲೆ ಜಾಸ್ತಿ. ಹಿಮದ ಬೆಟ್ಟಕ್ಕೆ ಮಾಡಿದ್ದು ನಮ್ಮ ಸೀಮೆಯ ಸೆಕೆಗೆ ಆಗುವುದಿಲ್ಲ. ವರ್ಷಕ್ಕೆ ಒಂದು ರಾತ್ರಿ ಮಲಗುವುದಕ್ಕೆ ಅಷ್ಟು ದುಡ್ಡು ಹಾಕಬೇಡಿ.

ಟೆಂಟು ಬೇಕಾ? ನಾಲ್ಕು ಜನಕ್ಕೆ ಒಂದು ಟಾರ್ಪಾಲು, 10 ಮೀಟರು ಹಗ್ಗ ಸಾಕು. ಎರಡು ಮರದ ನಡುವೆ ಹಗ್ಗ ಬಿಗಿಯಿರಿ. ಟಾರ್ಪಾಲನ್ನು ಅದರ ಮೇಲೆ ಹಾಕಿ ಎರಡು ಕಡೆ ಇಳಿಬಿಡಿ. ಅಂಚಿಗೆ ಕಲ್ಲು ಹೇರಿ. ಗಾಳಿ ಬರುವ ಕಡೆಗೆ ಇಳಿಜಾರು ಇರಲಿ, ಬಾಯಿ ಬೇಡ. ಟಾರ್ಪಾಲು ಸಂಘದ ಹೆಸರಲ್ಲಿ ಒಂದು ಕೊಂಡರೆ ಸುಗ್ಗಿಯಲ್ಲಿ ರಾಗಿ ಮುಚ್ಚುವುದಕ್ಕೂ ಬರುತ್ತದೆ.

ಎಲ್ಲಿ ಮಲಗಬಾರದು ಅನ್ನುವುದನ್ನೂ ತಿಳಿಯಿರಿ. ಜಯಮಂಗಲಿಯಂಥ ಹೊಳೆಯ ಮರಳು ಮೆತ್ತಗೆ ಇರುತ್ತದೆ. ಬತ್ತಿದ ಹಳ್ಳವೂ ಹಾಗೇ. ಮೇಲೆ ಎಲ್ಲೋ ಮಳೆ ಬಿದ್ದರೆ ಇಲ್ಲಿ ರಾತ್ರೋರಾತ್ರಿ ನೀರು ನುಗ್ಗುತ್ತದೆ. ಅಲ್ಲಿ ಹಾಸಬೇಡಿ. ಕಲ್ಲು ಗುಡ್ಡೆ, ಪೊದೆಯ ಪಕ್ಕ ಹಾವು ಚೇಳು ಇರುತ್ತವೆ. ನಮ್ಮ ಕಾಡುಗಳಲ್ಲಿ ಕರಡಿ, ಚಿರತೆ ಇವೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರ ಜಿಂಕೆಗಳಿಗಾಗಿ ವನ್ಯಧಾಮ ಅಂತ ಸಾರಿದ್ದಾರೆ. ಇಂಥ ಕಾಡಿಗೆ ಅರಣ್ಯ ಇಲಾಖೆಯವರನ್ನು ಕೇಳದೆ ಹೋಗಬೇಡಿ. ಕಾಡಿನಲ್ಲಿ ಒಲೆ ಹಚ್ಚಬೇಡಿ. ಒಂದು ಕಿಡಿ ಸಾಕು, ಬೆಟ್ಟವೇ ಉರಿಯುತ್ತದೆ.

ಬೆಳಕು, ಕೋಲು, ಔಷಧಿ

ಮೊಬೈಲ್ ಬೆಳಕು ನಂಬಿ ಹೋಗಬೇಡಿ. ಬೆಳಕು ಹಾಕಿದರೆ ಮೊಬೈಲ್ ಚಾರ್ಜು ಮುಗಿಯುತ್ತದೆ. ಕಷ್ಟ ಬಂದಾಗ ಫೋನು ಮಾಡಲು ಆಗುವುದಿಲ್ಲ. ಬೇರೆ ಬ್ಯಾಟರಿ ಇಟ್ಟುಕೊಳ್ಳಿ. ಹೊರಡುವ ಮೊದಲು ಹೊತ್ತಿಸಿ ನೋಡಿ. ರಾತ್ರಿ ರಸ್ತೆಯಲ್ಲಿ ನಡೆಯುವವರು ಬಿಳಿ ಬಟ್ಟೆ ಹಾಕಿ. ರಸ್ತೆಯ ಬಲಗಡೆ ಅಂಚಿನಲ್ಲಿ ನಡೆಯಿರಿ. ಎದುರಿಗೆ ಬರುವ ಗಾಡಿ ಆಗ ಕಣ್ಣಿಗೆ ಕಾಣುತ್ತದೆ.

ನಿಮ್ಮ ಎದೆಯೆತ್ತರದ ಒಂದು ಕೋಲು ಬೇಕು. ಇಳಿಯುವಾಗ ಮಂಡಿಯ ಭಾರ ಅದು ಹೊರುತ್ತದೆ. ಹುಲ್ಲಿನಲ್ಲಿ ಮುಂದೆ ಬಡಿಯುತ್ತ ನಡೆದರೆ ಹಾವು ಸರಿದುಹೋಗುತ್ತದೆ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಮಂತ್ರ ಹಾಕಿಸಲು ಹೋಗಬೇಡಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಬಂಡೆಯ ಸಂದಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕಲ್ಲು ಹೊಡೆಯಬೇಡಿ. ಹೊಗೆ ಎಬ್ಬಿಸಬೇಡಿ. ಘಾಟು ಸೆಂಟು ಹಾಕಿ ಹೋಗಬೇಡಿ. ಎದ್ದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ದೂರ ಸರಿಯಿರಿ.

ಒಂದು ಸಣ್ಣ ಡಬ್ಬಿಯಲ್ಲಿ ಇವಿಷ್ಟು ಇರಲಿ: ಗಾಯದ ಮುಲಾಮು, ಹತ್ತಿ, ಪಟ್ಟಿ, ಓ.ಆರ್.ಎಸ್. ಪೊಟ್ಟಣ, ದಿನಾ ನುಂಗುವ ಮಾತ್ರೆ.

ಈಗ ನೀವು ಕಲಿತ ಅಕ್ಷರ ಕೆಲಸಕ್ಕೆ ಬರುತ್ತದೆ. ಓ.ಆರ್.ಎಸ್. ಪೊಟ್ಟಣ ಚಿಕ್ಕದೂ ಇದೆ, ದೊಡ್ಡದೂ ಇದೆ. ಎಷ್ಟು ನೀರಿಗೆ ಹಾಕಬೇಕು ಅಂತ ಅದರ ಮೇಲೇ ಬರೆದಿರುತ್ತದೆ. ಅಂಕಿ ಓದಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಔಷಧಿಯೇ ತೊಂದರೆ ಕೊಡುತ್ತದೆ. ಯಾವ ತಿಂಗಳವರೆಗೆ ಬಳಸಬಹುದು ಅಂತಲೂ ಓದಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಚಮಚ ಅಂದರೆ ಟೀ ಚಮಚ.

ತಲೆ ಸುತ್ತುವುದು, ವಾಕರಿಕೆ, ಮೈ ಕೆಂಡದಂತಾಗುವುದು, ಮಾತು ತೊದಲುವುದು, ಇವು ಬಿಸಿಲು ಬಡಿದ ಗುರುತು. ಕೂಡಲೇ ನೆರಳಿಗೆ ಮಲಗಿಸಿ. ಬಟ್ಟೆ ಸಡಿಲ ಮಾಡಿ. ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕಿ. ಎಚ್ಚರ ಇದ್ದರೆ ಮಾತ್ರ ಗುಟುಕು ಗುಟುಕಾಗಿ ನೀರು ಕೊಡಿ. 108ಕ್ಕೆ ಫೋನು ಮಾಡಿ. ಪೊಲೀಸರ ನೆರವು ಬೇಕಾದರೆ 112.

ಹೊಲಿದ ಚೀಲ ಹೊತ್ತ ಇಬ್ಬರು ತಾಯಂದಿರು

"ಒಳ್ಳೆ ಸಾಮಾನು ಇಲ್ದೆ ಬೆಟ್ಟ ಹತ್ತಕ್ಕಾಗುತ್ತಾ?" ಅಂತ ಕೇಳುವವರು ಈ ಕತೆ ಓದಬೇಕು. ಇದು ನಡೆದ ಕತೆ.

ಅಮೆರಿಕ ದೇಶದಲ್ಲಿ ಎಮ್ಮಾ ಗೇಟ್‌ವುಡ್ ಅಂತ ಒಬ್ಬ ಹೆಂಗಸು ಇದ್ದರು. 11 ಮಕ್ಕಳ ತಾಯಿ. ಹೊಲದಲ್ಲಿ ದುಡಿದವರು. ಬೆಟ್ಟಗಳ ಮೇಲೆ ಹಾದುಹೋಗುವ ಒಂದು ಉದ್ದದ ಕಾಲುದಾರಿಯ ವಿಷಯವನ್ನು ಪತ್ರಿಕೆಯಲ್ಲಿ ಓದಿದರು. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಒಬ್ಬರೇ ಆ ದಾರಿ ಹಿಡಿದರು. ಸುಮಾರು 3,300 ಕಿಲೋಮೀಟರು ನಡೆದು ಮುಗಿಸಿದರು. ಅವರ ಹತ್ತಿರ ಟೆಂಟು ಇರಲಿಲ್ಲ. ಕೈಯಲ್ಲಿ ಹೊಲಿದ ಒಂದು ಬಟ್ಟೆ ಚೀಲ, ಒಂದು ಕಂಬಳಿ, ಮಳೆಗೆ ಒಂದು ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸ್ ಷೂ. ಇಷ್ಟೇ.

ಇನ್ನೊಬ್ಬರು ಜಪಾನ್ ದೇಶದ ಜುಂಕೊ ತಬೆಯಿ. 1975ರ ಮೇ 16ರಂದು ಎವರೆಸ್ಟ್ ಶಿಖರ ಹತ್ತಿದರು. ಆ ಶಿಖರ ಮುಟ್ಟಿದ ಮೊದಲ ಹೆಂಗಸು ಅವರೇ. ಆಗ ಅವರ ಮಗಳು ಪುಟ್ಟ ಮಗು. "ಹೆಂಗಸರು ಮನೇಲಿ ಮಕ್ಕಳು ನೋಡ್ಕೊಳ್ಳಲಿ" ಅಂತ ಅವರ ತಂಡಕ್ಕೂ ಜನ ಅಂದರು. ದುಡ್ಡು ಸಾಲಲಿಲ್ಲ. ಆಗ ಆ ಹೆಂಗಸರು ಕಾರಿನ ಸೀಟಿನ ಬಟ್ಟೆಯಿಂದ ನೀರು ಇಳಿಯದ ಚೀಲ, ಕೈಗವಸು ಹೊಲಿದುಕೊಂಡರು. ಬಾತುಕೋಳಿಯಂಥ ಹಕ್ಕಿಯ ಗರಿ ತಂದು ಹಾಸಿಗೆ ಚೀಲ ಹೊಲಿದರು.

ನಮ್ಮ ದೇಶದ ಬಚೇಂದ್ರಿ ಪಾಲ್ 1984ರಲ್ಲಿ ಎವರೆಸ್ಟ್ ಹತ್ತಿದರು. ಭಾರತದ ಹೆಂಗಸರಲ್ಲಿ ಅವರೇ ಮೊದಲಿಗರು.

ಎಮ್ಮಾಗೂ ಜುಂಕೊಗೂ ತಮಗೆ ಏನು ಬೇಕು ಅನ್ನುವುದು ಗೊತ್ತಿತ್ತು. ಬೇಕಾದ್ದನ್ನು ಹೊಲಿದುಕೊಂಡರು. ಕೌದಿ ಹೊಲಿಯುವ ಕೈ ನಮ್ಮದು. ನಮಗೆ ಆಗದೇ ಇರುತ್ತದಾ?

ಯಾರ ಹೊರೆ ಯಾರಿಗೆ?

ಕೊನೆಯದಾಗಿ ಒಂದು ಮಾತು. ಮನೆಮಂದಿಯೆಲ್ಲ ಬೆಟ್ಟಕ್ಕೆ ಹೊರಟಾಗ ಗಮನಿಸಿ. ಬುತ್ತಿ ಯಾರ ತಲೆ ಮೇಲೆ? ಮಗು ಯಾರ ಕಂಕುಳಲ್ಲಿ? ನೀರು ಯಾರ ಕೈಯಲ್ಲಿ? ಎಲ್ಲಾ ತಾಯಿಯ ಹತ್ತಿರವೇ. ಉಳಿದವರು ಕೈ ಬೀಸಿಕೊಂಡು ಮುಂದೆ ಹೋಗುತ್ತಾರೆ. ತಾಯಿ ಹಿಂದೆ ಉಳಿಯುತ್ತಾಳೆ. ಅರ್ಧ ಬೆಟ್ಟಕ್ಕೆ, "ನೀವು ಹೋಗ್ಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಅನ್ನುತ್ತಾಳೆ. ಆಕೆ ಬೆಟ್ಟದ ನೆತ್ತಿ ನೋಡುವುದೇ ಇಲ್ಲ.

ಹೊರೆ ಹಂಚಿದರೆ ಎಲ್ಲರೂ ಮೇಲೆ ಹೋಗಬಹುದು. ಅವರವರ ನೀರು ಅವರವರೇ ಹೊರಲಿ. ಹತ್ತು ವರ್ಷದ ಹುಡುಗನೂ ತನ್ನ ಒಂದು ಬಾಟಲಿ ಹೊರಬಹುದು. ಗಂಡ ಬುತ್ತಿ ಹೊರಲಿ. ಮಗುವನ್ನು ಸರದಿ ಮೇಲೆ ಎತ್ತಿಕೊಳ್ಳಿ. ಸಂಘದವರು ಹೋಗುವಾಗ ಟಾರ್ಪಾಲು ಒಬ್ಬರಿಗೆ, ಪಾತ್ರೆ ಒಬ್ಬರಿಗೆ, ಔಷಧಿ ಡಬ್ಬಿ ಒಬ್ಬರಿಗೆ ಅಂತ ಮೊದಲೇ ಬರೆದುಕೊಳ್ಳಿ. ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಗೆ ಉಳಿದವರು ಹೆಜ್ಜೆ ಹಾಕಿ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಚೀಟಿ ಬರೆದು ಮನೆಯಲ್ಲಿ ಇಟ್ಟು ಹೊರಡಿ.

ನೆನಪಿಡಿ

ಮೊದಲು ಎಲ್ಲಿಗೆ, ಎಷ್ಟು ಹೊತ್ತು, ಯಾವ ಕಾಲ, ಯಾರ ಜೊತೆ ಅಂತ ಕೇಳಿಕೊಳ್ಳಿ.
ಮನೆಯಲ್ಲಿ ಇರುವುದನ್ನು ಮೊದಲು ನೋಡಿ. ಇಲ್ಲದ್ದನ್ನು ಎರವಲು ಕೇಳಿ. ಕೊಳ್ಳುವುದು ಕೊನೆಗೆ.
ದುಡ್ಡು ಹಾಕುವುದಾದರೆ ಕಾಲಿನ ಚಪ್ಪಲಿಗೆ ಮೊದಲು ಹಾಕಿ.
ಕೊಂಡಾಗ ಬೆಲೆ ಓದಿ, ರಸೀದಿ ಕೇಳಿ.
ನೀರು ಬಿಡಬೇಡಿ. ಕುಡಿಯುವುದನ್ನೂ ಬಿಡಬೇಡಿ.
ಒಯ್ದ ಕವರು, ಬಾಟಲಿ ವಾಪಸು ತನ್ನಿ.

ಓದಿ, ಲೆಕ್ಕ ಹಾಕಿ, ಬರೆಯಿರಿ

1. ನಿಮ್ಮ ತೂಕ ಎಷ್ಟು? ಅದರ ಹತ್ತನೇ ಒಂದು ಪಾಲು ಎಷ್ಟು ಕಿಲೋ?
2. ಬೇಸಿಗೆಯಲ್ಲಿ ಆರು ಜನ ಬೆಟ್ಟಕ್ಕೆ ಹೊರಟರೆ ಒಟ್ಟು ಎಷ್ಟು ಲೀಟರು ನೀರು ಬೇಕು?
3. ನಿಮ್ಮ ಮನೆಯಲ್ಲಿ ಎರಡು ಮೂರು ಕೆಲಸಕ್ಕೆ ಬರುವ ಐದು ವಸ್ತುಗಳ ಹೆಸರು ಬರೆಯಿರಿ.
4. ಮುಂದಿನ ಸಲ ನಿಮ್ಮ ಮನೆಯವರು ಬೆಟ್ಟಕ್ಕೆ ಹೋಗುವಾಗ ಯಾರು ಏನು ಹೊರಬೇಕು? ಪಟ್ಟಿ ಮಾಡಿ, ಮನೆಯವರಿಗೆ ಜೋರಾಗಿ ಓದಿ ಹೇಳಿ.